ಬೈಂದೂರಿಗೆ ಒಯ್ದ ಎರಡು ಕೆಂಪು ವೈನು

೨೦೦೯ರ ಮಾರ್ಚಿನ ಒಂದು ಬುಧವಾರ ಬೆಳಿಗ್ಗೆ ಆರೂವರೆಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದೆ. ಬೆಂಗಳೂರಿನಿಂದ ಹತ್ತು ಗಂಟೆಯ ಪ್ರಯಾಣ. ಒಂದು ಕೈಯಲ್ಲಿ ರೆಕ್ಸಿನ್ ಬ್ಯಾಗು, ಇನ್ನೊಂದು ಕೈಯಲ್ಲಿ ಥರ್ಮೋಕೋಲ್ ಪೆಟ್ಟಿಗೆ, ಎರಡರಲ್ಲೂ ಆರಾರು ಬಾಟಲಿ ಕೆಂಪು ವೈನು. ನೆಲಕ್ಕೆ ಕಾಲಿಟ್ಟ ಕೂಡಲೇ ಉಪ್ಪುಗಾಳಿ ಮೂಗಿಗೆ ಬಂತು, ಅದರ ಹಿಂದೆ ಒಣಮೀನು, ಅದರ ಹಿಂದೆ ಯಾರದೋ ಮನೆಯ ಕಾದ ತೆಂಗಿನೆಣ್ಣೆ. ನನಗೆ ಅನ್ನ ಹಾಕುವುದೇ ಈ ಮೂಗು, ನಿದ್ದೆಗಣ್ಣಿನಲ್ಲೂ ಅದು ಸುಮ್ಮನಿರುವುದಿಲ್ಲ.

ನಾನು ದೊಡ್ಡಬಳ್ಳಾಪುರದ ಹತ್ತಿರದ ಒಂದು ವೈನ್ ಕಾರ್ಖಾನೆಯವನು. ನಮ್ಮಲ್ಲಿ ಎರಡು ಬಗೆಯ ಕೆಂಪು ವೈನ್ ಆಗುತ್ತಿತ್ತು. ಹಳೆಯದು ನಮ್ಮ ಸೀಮೆಯ ನೀಲಿ ದ್ರಾಕ್ಷಿಯದು. ಸಕ್ಕರೆ ಬೆರೆತದ್ದು, ಸ್ವಲ್ಪ ಬ್ರಾಂದಿ ಸೇರಿದ್ದು, ಮರದ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿ ಎದ್ದದ್ದು. ನಾಲಿಗೆಗೆ ಸಿಹಿ, ಎದೆಗೆ ಬೆಚ್ಚಗೆ. ಇಪ್ಪತ್ತೆರಡು ವರ್ಷದಿಂದ ಅದನ್ನು ಮಾಡುತ್ತಿದ್ದವನು ನಾನೇ. ಹೊಸದು ಫ್ರಾನ್ಸಿನ ತಳಿಯ ದ್ರಾಕ್ಷಿಯದು. ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುದುಗು ಬಂದದ್ದು, ಸಿಹಿಯೇ ಇಲ್ಲ, ನೇರಳೆ ಹಣ್ಣು ತಿಂದ ಮೇಲೆ ಬಾಯಲ್ಲಿ ಉಳಿಯುವಂಥ ಒಗರು. ಬೆಂಗಳೂರಿನ ದೊಡ್ಡ ಹೋಟೆಲುಗಳು ಅದನ್ನೇ ಕೇಳತೊಡಗಿದ ಮೇಲೆ ನಮ್ಮ ಯಜಮಾನರ ಕಣ್ಣಿಗೆ ನನ್ನ ಪೀಪಾಯಿಗಳು ಸುಮ್ಮನೆ ಜಾಗ ತಿನ್ನುವ ವಸ್ತುಗಳಾದವು.

“ಹಳೇದನ್ನ ಜಾಸ್ತಿ ಕೊಳ್ಳೋದು ಕರಾವಳಿಯವರು. ಹೋಗಿ ಎರಡನ್ನೂ ಕುಡಿಸಿ, ಯಾರಿಗೆ ಯಾವುದು ಹಿಡಿಸ್ತು ಅಂತ ಹೆಸರು ಸಮೇತ ಬರ್ಕೊಂಡು ಬನ್ರಿ. ಅವರೂ ಹೊಸದೇ ಚೆನ್ನಾಗಿದೆ ಅಂದ್ರೆ ಈ ವರ್ಷಕ್ಕೇ ಹಳೇದು ನಿಲ್ಲಿಸಿಬಿಡೋಣ, ಪೀಪಾಯಿ ಒಡೆಸೋಣ” ಅಂದರು ಯಜಮಾನರು. ಹಲ್ಲು ಕಚ್ಚಿಕೊಂಡು “ಆಗಲಿ ಸಾರ್” ಅಂದೆ.

ಕುಂದಾಪುರದಲ್ಲಿ ಲಾಡ್ಜಿನಲ್ಲಿ ಮುಖ ತೊಳೆದು, ಕೆಳಗಿನ ಹೋಟೆಲಿನಲ್ಲಿ ಬನ್ಸು ತಿಂದು, ಎರಡು ಲೋಟ ಕಾಫಿ ಕುಡಿದೆ. ಬಿಸಿಲು ಎಂಟು ಗಂಟೆಗೇ ಬೆನ್ನು ಸುಡುತ್ತಿತ್ತು. ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಐಸ್ ಕೊಂಡು ಥರ್ಮೋಕೋಲ್ ಪೆಟ್ಟಿಗೆಗೆ ಸುರಿದೆ. ಆ ಪೆಟ್ಟಿಗೆಯಲ್ಲಿದ್ದದ್ದು ಹಳೆಯ ವೈನು ಮಾತ್ರ. ಹೊಸದನ್ನು ರೆಕ್ಸಿನ್ ಬ್ಯಾಗಿನಲ್ಲೇ ಬಿಟ್ಟೆ. ಒಗರಿನ ವೈನು ಬಿಸಿಯಾದರೆ ಕಷಾಯವಾಗುತ್ತದೆ, ಯಾರೂ ಬಾಯಿಗಿಡುವುದಿಲ್ಲ. ಇದು ನನ್ನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು? ಮೋಸ ಅಂತ ಅನಿಸಲಿಲ್ಲವೇ ಎಂದು ನೀವು ಕೇಳಬಹುದು. ಪೆಟ್ಟಿಗೆಯಲ್ಲಿ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಬೈಂದೂರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರು, ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ರೂಪಾಯಿ. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ಹೊಳೆ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಅಂತ ಹುಡುಕುತ್ತ ಹುಡುಕುತ್ತ ಕಣ್ಣು ಮುಚ್ಚಿತು. ಮರವಂತೆಯಲ್ಲಿ ಎಚ್ಚರವಾಯಿತೋ, ಕನಸಿನಲ್ಲೇ ಕಂಡೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ನೂಲಿನಂಥ ರಸ್ತೆ. ಬಸ್ಸು ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆಯಿತ್ತು. ಅದರ ಪರಿಮಳಕ್ಕೆ ಮತ್ತೆ ಕಣ್ಣು ಎಳೆಯಿತು.

ಬೈಂದೂರಿನಲ್ಲಿ ನಮ್ಮ ವೈನು ಮಾರುವ ಸುಧಾಕರಣ್ಣನ ಬಾರು ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ನಡಿಗೆ. ನಮ್ಮ ದೇಶದಲ್ಲಿ ವೈನ್ ಶಾಪ್ ಅಂತ ಬೋರ್ಡು ಹಾಕಿದ ಕಡೆಯೆಲ್ಲ ವೈನೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಸುಧಾಕರಣ್ಣನ ಕಪಾಟಿನಲ್ಲಿ ಮಾತ್ರ ನನ್ನ ಬಾಟಲಿಗಳು ಧೂಳೊರೆಸಿಕೊಂಡು ಎರಡು ಸಾಲು ನಿಂತಿದ್ದವು. ಕಂಡು ಜೀವ ತಂಪಾಯಿತು. ಹನ್ನೊಂದು ಗಂಟೆಗೆ ಬಂದ ಏಳು ಜನರಿಗೆ ಎರಡನ್ನೂ ಕೊಟ್ಟೆ. ಏಳಕ್ಕೆ ಏಳೂ ಹಳೆಯದು. ಹೊಸದನ್ನು ಗುಟುಕರಿಸಿದ ಒಬ್ಬ ಲಾರಿ ಡ್ರೈವರು, “ಎಂತ ಮಾರಾಯ್ರೆ, ಇದ್ ಜ್ವರದ್ ಮದ್ದಾ?” ಅಂದ. ನಾನು ಗಂಭೀರವಾಗಿ ತಲೆಯಾಡಿಸಿ ಕಾಗದದಲ್ಲಿ ಬರೆದುಕೊಂಡೆ. ಒಳಗೊಳಗೆ ಕುಣಿಯುತ್ತಿದ್ದೆ.

“ಉಪ್ಪುಂದದ್ ಬಾಬಕ್ಕನ್ ಮನಿಗೆ ಹೋಯಿನಿ. ಈ ಕೆಂಪ್ ವೈನಿಗೆ ಅವ್ರಷ್ಟ್ ದೊಡ್ಡ್ ಗಿರಾಕಿ ನಮ್ಗ್ ಯಾರೂ ಇಲ್ಲೆ” ಅಂದರು ಸುಧಾಕರಣ್ಣ. ಅವರೇ ಒಂದು ರಿಕ್ಷಾ ಮಾಡಿಕೊಟ್ಟರು.

ಬಾಬಕ್ಕ ಅರವತ್ತು ದಾಟಿದ ಹೆಂಗಸು, ಮೀನು ಮಾರುವವರು. ಬುಟ್ಟಿ ತೊಳೆದು ಕವುಚಿ ಹಾಕಿ, ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿತು. “ಹ್ವಾಯ್, ಅದನ್ನ್ ಮಾಡುದ್ ನೀವಾ? ಬನಿ ಬನಿ. ಬಾಣಂತಿ ಸೊಸಿಗೆ ಅಂದೇಳಿ ತಕಂಡ್ ಬಪ್ಪುಕೆ ಶುರು ಮಾಡದ್. ಮೊಮ್ಮಗು ಈಗ ಶಾಲಿಗ್ ಹೋತಿತ್ತ್, ವೈನ್ ಮಾತ್ರ ನಿಲ್ಲಲಿಲ್ಲೆ” ಎಂದು ಗೊಳ್ಳನೆ ನಕ್ಕರು. ಬ್ಯಾಗಿನಿಂದ ತೆಗೆದ ಹೊಸ ವೈನನ್ನು ಬಾಯಿಗಿಟ್ಟವರೇ ಅಂಗಳಕ್ಕೆ ಉಗಿದರು. “ಥೂ, ಇದನ್ನ್ ಎಮ್ಮಿಗ್ ಕೊಟ್ರೂ ಕುಡೂದಿಲ್ಲೆ.” ಅವರ ಹೆಸರಿನ ಮುಂದೆ ಹಳೆಯದು ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.

ಮಾರನೆಯ ದಿನ ಗುರುವಾರ ದಕ್ಷಿಣಕ್ಕೆ ಹೊರಟೆ. ಕುಂದಾಪುರದಿಂದ ಬ್ರಹ್ಮಾವರಕ್ಕೆ ಐದು ನಿಮಿಷಕ್ಕೊಂದು ಬಸ್ಸು, ಮುಕ್ಕಾಲು ಗಂಟೆ ಹಾದಿ. ಅಲ್ಲಿ ನೋಡಬೇಕಾದವರು ಶೇಷಣ್ಣ. ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ನಲವತ್ತು ವರ್ಷ ವೈನು ಬಡಿಸಿ ಊರಿಗೆ ಮರಳಿದವರು. ಯಜಮಾನರು ಅಲ್ಲಿಯೇ ಅವರನ್ನು ಕಂಡವರು, “ಅವರ ಮಾತು ಒಂದಿದ್ರೆ ಸಾಕು ನಂಗೆ” ಎಂದು ವಿಳಾಸ ಬರೆದುಕೊಟ್ಟಿದ್ದರು. ಬಾರ್ಕೂರಿಗೆ ಹೋಗುವ ರಸ್ತೆಯಲ್ಲಿ, ಹೊಳೆ ಕಾಣುವ ಹಾಗೆ ಅವರ ಮನೆ. ಶೇಷಣ್ಣ ಬಿಳಿ ಪಂಚೆಯುಟ್ಟು ಗೇಟಿನವರೆಗೆ ಬಂದು, ಬ್ಯಾಗು, ಪೆಟ್ಟಿಗೆ ಎರಡನ್ನೂ ಕೈಗೆ ತೆಗೆದುಕೊಂಡರು. ಬ್ಯಾಗಿನೊಳಗಿನ ಬಾಟಲಿಗಳನ್ನು ಮುಟ್ಟಿದ ಕೂಡಲೇ ನಿಂತುಬಿಟ್ಟರು.

“ಅರೆ, ಇದನ್ನೆಂತ ಬಚ್ಚಲ ಹಂಡ್ಯಂಗೆ ಇಟ್ಕಂಡ್ ಬಂದ್ರ್ಯಾ?”

“ನಿನ್ನೆ ಬೈಂದೂರಿಗೂ ಹೀಗೇ ಒಯ್ದಿದ್ದೆ, ಪೆಟ್ಟಿಗೆಯಲ್ಲಿ ಜಾಗ ಇರಲಿಲ್ಲ” ಅಂದೆ.

ಶೇಷಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಅರ್ಧ ಖಾಲಿ. ಮುಚ್ಚಳ ಹಾಕಿದರು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಎರಡೂ ಬಗೆಯ ಒಂದೊಂದು ಬಾಟಲಿಯನ್ನು ಕೊಡಪಾನದಲ್ಲಿಟ್ಟು ಬಾವಿಗೆ ಇಳಿಬಿಟ್ಟರು. “ಊಟದ್ ಹೊತ್ತಿಗ್ ಸರಿ ಆತ್ತ್. ಕೂಕಣಿ” ಅಂದರು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕಾದ ಕಾವಲಿಯಿಂದ ನೇರ ತಟ್ಟೆಗೆ ಬೀಳುತ್ತಿದ್ದ ನಂಗ್ ಮೀನಿನ ಫ್ರೈ. ಶೇಷಣ್ಣನ ಹೆಂಡತಿ ಕಮಲಕ್ಕ ನನ್ನ ಬಲಗಡೆ ಎರಡು ಸ್ಟೀಲ್ ಲೋಟ ಇಟ್ಟರು, ಶೇಷಣ್ಣನ ಬಲಗಡೆಯೂ ಎರಡು. ಒಂದರಲ್ಲಿ ಹಳೆಯದು, ಒಂದರಲ್ಲಿ ಹೊಸದು. ಯಾವುದು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಶೇಷಣ್ಣ ಮುಂಬಯಿಯ ಮಳೆ, ರೈಲು, ತಾನು ಬಡಿಸಿದ ನಟರು, ಸೇಠ್‌ಗಳು, ಏನೇನೋ ಹೇಳುತ್ತ ಹೋದರು. ಕಿಟಕಿಯಾಚೆ ಹೊಳೆ ಅಲ್ಲಾಡದೆ ಬಿದ್ದಿತ್ತು. ಅದರ ಬೆಳಕು ಮಾಡಿನ ಕೆಳಗೆಲ್ಲ ಮೆಲ್ಲಗೆ ಓಡಾಡುತ್ತಿತ್ತು. ಮೀನಿನ ಖಾರ, ತಣ್ಣನೆಯ ಗುಟುಕು, ಮತ್ತೆ ಖಾರ, ಮತ್ತೆ ಗುಟುಕು. ದೋಣಿಯೊಂದು ಹೋಯಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಅಷ್ಟು ಸುಖವಾಗಿ ನಾನು ಎಲ್ಲೂ ಉಂಡಿಲ್ಲ.

“ಈಗ ನಿಮ್ಮ್ ಲೋಟ ಕಾಣಿ” ಅಂದರು ಶೇಷಣ್ಣ.

ಒಂದು ಲೋಟ ತುಂಬಿ ಹಾಗೆಯೇ ಇತ್ತು. ಇನ್ನೊಂದು ಖಾಲಿ.

“ಮೂರ್ ಸಲ ಹೊಯ್ದೆ. ನಿಮ್ಗ್ ಗೊತ್ತೇ ಆಯ್ಲಿಲ್ಲ್ಯಾ?” ಎಂದು ಕಮಲಕ್ಕ ಒಳಗಿನಿಂದಲೇ ನಕ್ಕರು.

ಖಾಲಿಯಾದದ್ದು ಹೊಸದು. ಅಯ್ಯೋ ಶಿವನೇ! ತುಂಬಿದ ಲೋಟದಲ್ಲಿ ನನ್ನ ಇಪ್ಪತ್ತೆರಡು ವರ್ಷ ಮುಟ್ಟದೆ ಉಳಿದಿತ್ತು. ಒಂದು ಗುಟುಕು ಕುಡಿದು ನೋಡಿದೆ. ಚೆನ್ನಾಗಿಯೇ ಇತ್ತು, ನಾನು ಮಾಡಿದ ಹಾಗೆಯೇ ಇತ್ತು. ಆದರೆ ಕೈ ಮತ್ತೆ ಖಾಲಿ ಲೋಟದ ಕಡೆಗೇ ಹೋಯಿತು. ನನಗೆ ಅಳು ಬಂತು, ಮೀನಿನ ಖಾರದ ನೆಪ ಮಾಡಿ ಕಣ್ಣೊರೆಸಿಕೊಂಡೆ.

“ಗಿರಾಕಿ ಹತ್ರ ಯಾವತ್ತೂ ಕೇಣೂಕಾಗ” ಎಂದರು ಶೇಷಣ್ಣ, ಮೆತ್ತಗೆ, ಕೇಳಲೇಬಾರದು ಎಂಬಂತೆ ಬೆರಳಾಡಿಸುತ್ತ. “ಕೇಂಡ್ರೆ ನಮ್ಗ್ ಎಂತ ಬೇಕೋ ಅದನ್ನೇ ಹೇಳ್ತ್ರ್. ಲೋಟದಂಗೆ ಉಳ್ದದ್ ಎಷ್ಟ್ ಅಂದ್ ಕಾಣ್ಕ್. ನಂಗೂ ಹೊಸದೇ ಅಂದ್ ಬರ್ಕಣಿ. ಅಲ್ಲಿ ಬೈಂದೂರಂಗೆ ಎಂತ ಬರ್ಕಂಡ್ರಿ ಅಂದ್ ನಾನ್ ಕೇಣುದಿಲ್ಲೆ.”

ಆ ಸಂಜೆ ಬ್ರಹ್ಮಾವರದಿಂದಲೇ ಬೆಂಗಳೂರಿನ ಬಸ್ಸು ಹತ್ತುವುದಿತ್ತು. ಹತ್ತಲಿಲ್ಲ. ಜೇಬಿನಲ್ಲಿದ್ದ ಕಾಗದ ಎದೆಗೆ ಚುಚ್ಚುತ್ತಿತ್ತು. ಅದರಲ್ಲಿದ್ದ ಎಂಟು ಹೆಸರೂ ನಾನು ಹೊಸ ವೈನನ್ನು ಬಿಸಿಲಿನಲ್ಲಿ ಕಾಯಿಸಿ ಪಡೆದವು. ನಾಚಿಕೆ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ನ್ಯಾಯವಾಗಿ ಕುಡಿಸಿದರೆ ನನ್ನ ವೈನು ಉಳಿಯುತ್ತದೆಯೇ? ಮಾಡಿದವನ ನಾಲಿಗೆಯೇ ಕೈಬಿಟ್ಟಿತಲ್ಲ.

ಶುಕ್ರವಾರ ಎರಡೂ ಬಗೆಯ ಬಾಟಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಐಸಿನಲ್ಲಿ ಇಟ್ಟುಕೊಂಡು ಮತ್ತೆ ಬೈಂದೂರಿಗೆ ಹೋದೆ. ಮರವಂತೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಸುಧಾಕರಣ್ಣನ ಬಾರಿನಲ್ಲಿ ಅದೇ ಏಳು ಜನರಲ್ಲಿ ಆರು ಮಂದಿ ಸಿಕ್ಕಿದರು. ನಾನೇನೂ ಕೇಳದೆ, ಎರಡೂ ಲೋಟ ಮುಂದಿಟ್ಟು, ಮೂಲೆಯ ಕುರ್ಚಿಯಲ್ಲಿ ಕೂತೆ. ಒಂದು ಗಂಟೆಯ ಮೇಲೆ ನೋಡಿದರೆ ನಾಲ್ಕು ಕಡೆ ಹಳೆಯದು ಖಾಲಿ, ಎರಡು ಕಡೆ ಹೊಸದು. ಆ ಲಾರಿ ಡ್ರೈವರು ಹೊಸದರ ಕಡೆಗೆ ಹೋಗಿದ್ದ. ಹಳೆಯ ಲೆಕ್ಕ ಹೊಡೆದುಹಾಕಿ ಇದನ್ನು ಬರೆದೆ.

ಉಪ್ಪುಂದ ಮುಟ್ಟುವಾಗ ಸಂಜೆ ಐದು. ಕಡಲ ಮೇಲಿನ ಬೆಳಕು ಬಾಬಕ್ಕನ ಜಗಲಿಯವರೆಗೂ ಬಂದು ಎಲ್ಲವನ್ನೂ ಹಳದಿ ಮಾಡಿತ್ತು. ನಾನು ನಿಂತೇ ಹೇಳಿಬಿಟ್ಟೆ. “ಅಕ್ಕಾ, ಮೊನ್ನೆ ನಿಮಗೆ ಮೋಸ ಮಾಡಿದೆ. ಹೊಸದನ್ನು ಬೇಕಂತಲೇ ಬಿಸಿಯಾಗಿ ಕೊಟ್ಟೆ.”

ಬಾಬಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದಕ್ಕೆ ಅಷ್ಟ್ ದೂರದಿಂದ ತಿರ್ಗಿ ಬಂದದ್ದಾ? ನಾವೂ ನಿನ್ನಿ ಮೀನಿನ್ ಮೇಲೆ ಇವತ್ತಿನ್ ಮೀನ್ ಇಟ್ಟ್ ಮಾರತ್. ಸಾಕ್, ಕೂಕಣಿ.”

ಎರಡೂ ಲೋಟ ಅವರ ಪಕ್ಕದಲ್ಲಿಟ್ಟೆ. ಬಾಬಕ್ಕ ಕಾಲು ಚಾಚಿ, ಕಂಬಕ್ಕೆ ಒರಗಿ ಕೂತರು. ಒಮ್ಮೆ ಇದನ್ನು, ಒಮ್ಮೆ ಅದನ್ನು ಕುಡಿದರು. ಅಲೆಯ ಸದ್ದು ಬಂದು ಬಂದು ಹೋಗುತ್ತಿತ್ತು. ನನ್ನ ಕಣ್ಣು ಆ ಹಳದಿ ಬೆಳಕಿಗೆ ಸೋತು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಕಣ್ಣು ಬಿಟ್ಟಾಗ ಹಳೆಯದರ ಲೋಟ ಖಾಲಿಯಾಗಿತ್ತು. ಹೊಸದು ಅರ್ಧ ಉಳಿದಿತ್ತು.

ಶೇಷಣ್ಣ ಹೇಳಿಕೊಟ್ಟದ್ದನ್ನು ಮರೆತು ಬಾಯಿಬಿಟ್ಟೆ. “ಯಾಕಕ್ಕಾ, ಹೊಸದು ಹಿಡಿಸಲಿಲ್ವಾ?”

“ಹೊಸದ್ ಒಳ್ಳೆದೇ. ಮೊನ್ನಿ ಹಾಂಗಿಲ್ಲೆ. ಆರೆ ಕುಡಿವತ್ತಿಗೆ ಅದ್ ನನ್ ಹತ್ರ ಎಂತೋ ಕೇಣ್ದಾಂಗ್ ಆತ್ತ್. ‘ನಾನ್ ಹ್ಯಾಂಗಿದ್ದೆ, ನಾನ್ ಹ್ಯಾಂಗಿದ್ದೆ’ ಅಂದ್. ಬೆಳಿಗ್ಗಿಂದ ಎಲ್ಲರೂ ಎಂತಾರೂ ಕೇಂತಾನೇ ಇರ್ತ್ರ್. ಮೀನಿಗೆ ಎಷ್ಟ್, ತಾಜಾ ಹೌದಾ, ಕಮ್ಮಿ ಮಾಡ್ತ್ರ್ಯಾ. ಈ ಹಳೆದ್ ಎಂತದೂ ಕೇಣುದಿಲ್ಲೆ. ಬಂದ್ ಹತ್ರ ಕೂಕಂತಿತ್ತ್, ಅಷ್ಟೇ.” ಬಾಬಕ್ಕ ಖಾಲಿ ಲೋಟ ನನ್ನ ಕಡೆಗೆ ಚಾಚಿದರು. “ಇನ್ನೊಂಚೂರ್ ಹೊಯ್ನಿ.”

ಇಪ್ಪತ್ತೆರಡು ವರ್ಷದಲ್ಲಿ ನನ್ನ ವೈನಿನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಮಾಡಿದವನಿಗೇ ಅದು ಗೊತ್ತಿರಲಿಲ್ಲ. ಅವರ ಲೋಟವನ್ನು ಅಂಚಿನವರೆಗೂ ತುಂಬಿಸಿದೆ.

ಶನಿವಾರ ಕುಂದಾಪುರದಲ್ಲಿ ಬಸ್ಸು ಹತ್ತುವ ಮೊದಲು ಕಾಗದ ಪೂರ್ತಿ ಮಾಡಿದೆ. ಬೈಂದೂರು, ಹಳೆಯದು ನಾಲ್ಕು, ಹೊಸದು ಎರಡು. ಉಪ್ಪುಂದ, ಹಳೆಯದು. ಬ್ರಹ್ಮಾವರ, ಶೇಷಣ್ಣ, ಹೊಸದು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ. ಅದರ ಮುಂದೆ ಹೊಸದು ಎಂದು ಬರೆದೆ.

ಸೋಮವಾರ ಯಜಮಾನರು ಕಾಗದವನ್ನು ಎರಡು ಸಲ ಓದಿದರು. “ಶೇಷಣ್ಣ ಹೊಸದು ಅಂದ್ರೂ ಕೊಳ್ಳೋರು ಹಳೇದನ್ನೇ ಕುಡಿದಿದ್ದಾರೆ. ಹಾಗಾದ್ರೆ ಹಳೇದು ಇರ್ಲಿ ಬಿಡಿ, ಪೀಪಾಯಿ ಒಡೆಸೋದು ಬೇಡ” ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಬೆರಳು ಕೊನೆಯ ಸಾಲಿಗೆ ಬಂತು. “ಆದ್ರೆ ನಿಮಗೇ ಬೇಡವಾದ್ದನ್ನ ನೀವ್ಯಾಕೆ ಮಾಡಬೇಕು? ನೀವು ಹೊಸದಕ್ಕೆ ಬನ್ನಿ. ಹಳೇದನ್ನ ಮುನಿಯಪ್ಪನಿಗೆ ಕೊಡೋಣ.” ಮುನಿಯಪ್ಪ ನಮ್ಮ ಪೀಪಾಯಿ ತೊಳೆಯುವವರ ಮೇಸ್ತ್ರಿ, ಪ್ರತಿ ಹಬ್ಬಕ್ಕೂ ನನ್ನ ವೈನನ್ನು ಕೇಳಿ ಕೇಳಿ ಮನೆಗೆ ಒಯ್ಯುತ್ತಿದ್ದವನು. “ಆಗಲಿ ಸಾರ್” ಅಂದೆ.

ಮಧ್ಯಾಹ್ನ ಮುನಿಯಪ್ಪ ನೋಟ್ ಪುಸ್ತಕ ಹಿಡಿದು ಬಂದು, ಅಪರಾಧ ಮಾಡಿದವನ ಹಾಗೆ ಬಾಗಿಲಲ್ಲೇ ನಿಂತ. ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಸಕ್ಕರೆ ಎಷ್ಟು, ಯಾವಾಗ ಹಾಕಬೇಕು, ಯಾವ ಪೀಪಾಯಿ ಬೇಸಿಗೆಯಲ್ಲಿ ಮುನಿಸಿಕೊಳ್ಳುತ್ತದೆ, ನಾನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಸಣ್ಣ ಸಣ್ಣ ಗುಟ್ಟುಗಳು ಯಾವುವು, ಎಲ್ಲವನ್ನೂ ಹೇಳಿದೆ. ಉಪ್ಪುಂದದ ಜಗಲಿಯಲ್ಲಿ ಒಬ್ಬರು ದಿನಾ ಸಂಜೆ ಇದಕ್ಕೆ ಕಾಯುತ್ತಾರೆ ಎಂದೂ ಹೇಳಿದೆ. ಅವನು ಅದನ್ನೂ ಬರೆದುಕೊಂಡ.