ಹನ್ನೆರಡನೇ ನಿಮಿಷಕ್ಕೆ ಹೊರಡದವನು

ಅವನ ಎಡಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು. ಅವೆಲ್ಲ ಒಂದು ಕಡೆ ನೋಡಿದರೆ ಇದು ಇನ್ನೊಂದು ಕಡೆ ಮುಖ ತಿರುಗಿಸಿಕೊಂಡು ನಿಂತಿರುತ್ತಿತ್ತು. ಬಲಗೈಯಲ್ಲಿ ಎರಡು ಬೆರಳು ಮಡಚಿದರೆ ಬಿಚ್ಚಲು ಎಡಗೈ ಬರಬೇಕು. ಮೊಣಕಾಲಿನ ಸುದ್ದಿ ಎತ್ತುವುದೇ ಬೇಡ. ಇಪ್ಪತ್ತಮೂರು ವರ್ಷ ಗೋಲು ಕಾದವನ ಮೈ ಮತ್ತೆ ಹೇಗಿರಬೇಕು, ಹೂವಿನ ಹಾಗಿರಬೇಕೇ? ಎಂಬತ್ತೊಂದು ಅಂತರರಾಷ್ಟ್ರೀಯ ಪಂದ್ಯ. ಜನ ಇಟ್ಟ ಹೆಸರು ಚಿಲಕ. ಅವನು ಗೋಲಿನಲ್ಲಿದ್ದರೆ ಬಾಗಿಲು ಭದ್ರ ಅಂತ.

ಫುಟ್‌ಬಾಲ್ ಆಡಿ ಬಂಗಲೆ ಕಟ್ಟುವ ದೇಶಗಳು ಬೇರೆ. ಚಿಲಕ ಬೆಳಿಗ್ಗೆ ಮೈದಾನದಲ್ಲಿ ಬಿದ್ದು ಎದ್ದು, ಹತ್ತು ಗಂಟೆಗೆ ನೀರು ಸರಬರಾಜಿನ ವರ್ಕ್‌ಶಾಪಿಗೆ ಹೋಗಿ ಕೆಟ್ಟ ಮೀಟರುಗಳ ಹೊಟ್ಟೆ ಬಿಚ್ಚುತ್ತಿದ್ದ. ಗೋಲ್‌ಕೀಪರಾದದ್ದೂ ಆ ವರ್ಕ್‌ಶಾಪಿನ ತಂಡದಲ್ಲೇ. ಹತ್ತೊಂಬತ್ತನೇ ವಯಸ್ಸು, ಮುಂದಿನ ಸಾಲಿನ ಆಟಗಾರ. ಒಂದು ದಿನ ಕೀಪರು ಕೈ ಕೊಟ್ಟ. ಫೋರ್‌ಮನ್ನು "ಉದ್ದಕ್ಕಿದೀಯ, ಹೋಗಿ ನಿಂತ್ಕೋ" ಎಂದ. ಏಳು ಗೋಲು ಹೋದವು. ಎಲ್ಲರೂ ನಕ್ಕು ಮನೆಗೆ ಹೋದರು. ಇವನು ಮಾರನೇ ದಿನ ಫೋರ್‌ಮನ್ನನ ಮುಂದೆ ಹೋಗಿ ನಿಂತು, "ನಾಳೇನೂ ನಾನೇ ನಿಲ್ತೀನಿ. ಆ ಏಳೂ ಹೆಂಗೆ ಹೋದ್ವು ಅಂತ ನಂಗೆ ಗೊತ್ತಾಗ್ಬೇಕು" ಎಂದ. ಅವನ ಸ್ವಭಾವ ತಿಳಿಯಲು ಇಷ್ಟು ಸಾಕು.

ನಲವತ್ತೆರಡು ತುಂಬಿದ ವರ್ಷ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಅವನನ್ನು ಕಚೇರಿಗೆ ಕರೆಸಿದ. ಜನ್ಮದಲ್ಲಿ ಒಂದು ದಿನ ಬೂಟಿನ ದಾರ ಕಟ್ಟಿದವನಲ್ಲ ಈ ಕಾರ್ಯದರ್ಶಿ. ಆದರೆ ಅವನ ಕುರ್ಚಿಯ ಹಿಂದೆ ಕಪ್ಪುಗಳು ಸಾಲಾಗಿ ನಿಂತಿದ್ದವು, ತಾನೇ ಗೆದ್ದು ತಂದ ಹಾಗೆ.

"ನಿಮಗೊಂದು ಭರ್ಜರಿ ಬೀಳ್ಕೊಡುಗೆ ಇಟ್ಕೊಂಡಿದೀವಿ" ಎಂದ.

"ಯಾರು ಸರ್ ಹೊರಟಿರೋದು?"

ಕಾರ್ಯದರ್ಶಿ ತಮಾಷೆ ಎಂದುಕೊಂಡು ನಕ್ಕ. "ಬರೋ ಭಾನುವಾರದ ಸ್ನೇಹ ಪಂದ್ಯ. ಹನ್ನೆರಡು ನಿಮಿಷ ಆಡ್ತೀರಿ. ಆಮೇಲೆ ನಿಮ್ಮ ಒಂದನೇ ನಂಬರಿನ ಬೋರ್ಡು ಎತ್ತುತ್ತೀವಿ. ಎರಡೂ ತಂಡದೋರು ಸಾಲಾಗಿ ನಿಂತು ಚಪ್ಪಾಳೆ ತಟ್ತಾರೆ. ನೀವು ಕೈ ಬೀಸ್ಕೊಂಡು ಬಂದ್ಬಿಡಿ. ಗಾಜಿನ ಗೋಲ್‌ಪೋಸ್ಟು ಬೇರೆ ಮಾಡಿಸಿದೀವಿ, ಕಾಣಿಕೆಗೆ."

"ನಾನು ನಿವೃತ್ತಿ ಅಂತ ಯಾರ ಹತ್ರಾನೂ ಹೇಳಿಲ್ವಲ್ಲ."

"ನೀವ್ಯಾಕೆ ಹೇಳ್ಬೇಕು? ಪೇಪರಿನೋರಿಗೆ ನಾವೇ ಹೇಳಿಯಾಯ್ತು."

"ನಾನು ಬೇಡವಾಗಿದ್ರೆ ತೆಗೆದು ಹಾಕಿ ಸರ್. ಆಟ ಸಾಲದು ಅಂತ ಮುಖಕ್ಕೆ ಹೇಳಿ. ತಲೆ ಬಗ್ಗಿಸ್ಕೊಂಡು ಹೋಗ್ತೀನಿ."

"ಅಯ್ಯೋ, ನಿಮ್ಮನ್ನ ತೆಗೆದು ಹಾಕಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ!"

ಹುಳುಕು ಇದ್ದದ್ದೇ ಅಲ್ಲಿ. ತೀರ್ಮಾನ ಅವರದು, ಅದನ್ನು ಆಡಬೇಕಾದ ಬಾಯಿ ಇವನದು. ತೆಗೆದು ಹಾಕುವುದು ಆಟದಲ್ಲಿ ಇದ್ದದ್ದೇ. ಯಾವ ಆಟಗಾರನೂ ಅದಕ್ಕೆ ಹೊರತಲ್ಲ. ಆದರೆ ತಾನಾಗಿಯೇ ಹೊರಟ ಎಂದು ಊರಿಗೆಲ್ಲ ಸುಳ್ಳು ಸಾರಿ, ಆ ಸುಳ್ಳಿಗೆ ಅವನ ಕೈಯಿಂದಲೇ ಟಾಟಾ ಮಾಡಿಸುವುದಿದೆಯಲ್ಲ, ಅದು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು. ಇಪ್ಪತ್ತು ವರ್ಷದಿಂದ ಪಂದ್ಯಕ್ಕೆ ಮೊದಲು ಅವನ ಬೆರಳುಗಳಿಗೆ ಟೇಪು ಸುತ್ತುವವಳು ಅವಳೇ. ಕಥೆಯೆಲ್ಲ ಕೇಳಿ, "ಉಸಿರಾಡ್ತಿರೋನಿಗೆ ಶ್ರದ್ಧಾಂಜಲಿ! ಹೋಗ್ತೀಯಾ?" ಎಂದಳು.

"ಹೋಗ್ತೀನಿ. ವಾಪಸ್ ಯಾವಾಗ ಬರೋದು ಅನ್ನೋದು ನಂಗೆ ಬಿಟ್ಟಿದ್ದು."

"ಆ ಗಾಜಿನ ಸಾಮಾನು ಮಾತ್ರ ತರಬೇಡಪ್ಪ. ಧೂಳು ಒರೆಸೋಳು ನಾನು."

ಏಳನೇ ತರಗತಿಗೇ ಶಾಲೆಗೆ ಕೈ ಮುಗಿದವನು ಅವನು. ಮೊದಲಿಂದ ಕೊನೆಯವರೆಗೆ ಓದಿದ ಪುಸ್ತಕ ಒಂದೇ, ಆಟದ ನಿಯಮಗಳದ್ದು. ಆ ಸಂಜೆ ಅದನ್ನು ತೆಗೆದು ಸಾಲಿನ ಕೆಳಗೆ ಬೆರಳಿಟ್ಟು ನಾಲ್ಕು ಸಲ ಓದಿದ. ಬದಲಿ ಆಟಗಾರ ಬಂದಾಗ ಒಳಗಿದ್ದವನು ಹೊರಡಲು ಒಪ್ಪದಿದ್ದರೆ ಆಟ ಮುಂದುವರಿಯಬೇಕು. ಅಷ್ಟೇ. ಎಳೆದುಕೊಂಡು ಹೋಗಿ ಎಂದು ಎಲ್ಲೂ ಇರಲಿಲ್ಲ.

ಭಾನುವಾರ ಮೈದಾನ ತುಂಬಿತ್ತು. ಹನ್ನೆರಡನೇ ನಿಮಿಷಕ್ಕೆ ಚೆಂಡು ಹೊರಗೆ ಹೋಯಿತು, ಬೋರ್ಡು ಮೇಲೆದ್ದಿತು, ಆಟಗಾರರು ಎರಡು ಸಾಲಾದರು. ಗೆರೆಯ ಆಚೆ ಎರಡನೇ ಕೀಪರು ಕೈಗವಸು ಹಾಕಿಕೊಂಡು ತಯಾರಾಗಿ ನಿಂತಿದ್ದ. ಮೂವತ್ತೊಂದು ವರ್ಷದವನು, ಒಂಬತ್ತು ವರ್ಷದಿಂದ ಬೆಂಚು ಬಿಸಿ ಮಾಡಿ ಬರೀ ಮೂರು ಪಂದ್ಯ ಆಡಿದವನು. ಕಾರ್ಯದರ್ಶಿ ಗಾಜಿನ ಗೋಲನ್ನು ಕೂಸಿನಂತೆ ಎತ್ತಿಕೊಂಡಿದ್ದ.

ಚಿಲಕ ಕಂಬಕ್ಕೆ ಬೆನ್ನು ಕೊಟ್ಟು ನಿಂತವನು ನಿಂತೇ ಇದ್ದ.

ರೆಫರಿ ಓಡಿ ಬಂದ. "ನಿಮ್ಮನ್ನೇ ಕರೀತಿರೋದು."

"ಗೊತ್ತು. ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಮುಂದೇನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸೀಟಿ ಊದಿ."

ರೆಫರಿ ಒಂದು ಗಳಿಗೆ ಅವನ ಮುಖ ನೋಡಿದ. ತರಬೇತುದಾರನ ಕಡೆ ನೋಡಿದ. ಅವನು ಆಕಾಶ ನೋಡುತ್ತಿದ್ದ. ರೆಫರಿ ಸೀಟಿ ಊದಿಯೇ ಬಿಟ್ಟ. ಎರಡು ಸಾಲಾಗಿ ನಿಂತಿದ್ದವರು ಮದುವೆ ಮುರಿದುಬಿದ್ದ ಮನೆಯ ನೆಂಟರಂತೆ ಚದುರಿದರು. ಮೈದಾನ "ಚಿಲಕ! ಚಿಲಕ!" ಎಂದು ಕೂಗಿತು.

ಜನರ ಕೂಗು ಎಷ್ಟು ಹೊತ್ತಿನದು? ಮೂವತ್ತನೇ ನಿಮಿಷಕ್ಕೆ ಎದುರಾಳಿಯೊಬ್ಬ ದೂರದಿಂದ ಸುಮ್ಮನೆ ಒದ್ದ ಚೆಂಡು ಅವನ ಕೈಗೆ ಬಂದು, ಕೈಯಿಂದ ಜಾರಿ, ಕಾಲಿನ ಸಂದಿಯಲ್ಲಿ ಉರುಳಿ ಒಳಗೆ ಹೋಯಿತು. ಅಂಥ ಗೋಲನ್ನು ಬಿಡುವುದೂ ಸುಲಭವಲ್ಲ. "ತಾತಾ, ಮನೆಗೆ ಹೋಗಿ ಮಲ್ಕೋ!" ಎಂದು ಅದೇ ಬಾಯಿಗಳು ಕೂಗಿದವು. ಅವನು ಬಲೆಯಿಂದ ಚೆಂಡು ತೆಗೆದು ನಡುಗೆರೆಗೆ ಎಸೆದ. ಅವಮಾನವೇನೋ ಆಯಿತು. ಆದರೆ ಅದು ಅವನದೇ ಅವಮಾನ, ಇನ್ನೊಬ್ಬರು ಸುತ್ತಿ ಕೊಟ್ಟ ಗೌರವವಲ್ಲ.

ಅರ್ಧ ಆಟದ ಬಿಡುವಿನಲ್ಲಿ ಎಲ್ಲರೂ ಒಳಗೆ ಹೋದರು. ಅವನು ಹೋಗಲಿಲ್ಲ. ಒಳಗೆ ಹೋದರೆ ಹೊರಗಿಂದ ಬೀಗ ಬೀಳುತ್ತದೆಂದು ಗೊತ್ತಿತ್ತು. ಗೋಲಿನ ಗೆರೆಯ ಮೇಲೆ ಕಾಲು ಚಾಚಿ ಕುಳಿತ. ಹೆಂಡತಿ ಮೆಟ್ಟಿಲಿಳಿದು ಬಲೆಯ ಹಿಂದೆ ಬಂದು ಕೂತಳು.

"ಕೈ ಕೊಡು."

ಬಲೆಯ ಕಣ್ಣಿನಿಂದ ಬೆರಳುಗಳನ್ನು ಹೊರಗೆ ಚಾಚಿದ. ಸಡಿಲವಾಗಿದ್ದ ಟೇಪು ಕಿತ್ತು ಹೊಸದು ಸುತ್ತುತ್ತಾ, "ಥೂ, ಅದೂ ಒಂದು ಗೋಲಾ?" ಎಂದಳು.

"ನೀನೂ ಶುರು ಮಾಡ್ಬೇಡ ಮಾರಾಯ್ತಿ."

ಆಗ ಎರಡನೇ ಕೀಪರು ಮೈದಾನ ದಾಟಿ ಬಂದ. ಕೈಗವಸು ಕಿತ್ತು ನೆಲಕ್ಕೆ ಬಡಿದ.

"ಅಣ್ಣಾ, ಜಗಳ ನಿಂದು ಅವ್ರ ಹತ್ರ. ಹೊಟ್ಟೆ ಉರೀತಿರೋದು ನಂದು. ಒಂಬತ್ತು ವರ್ಷ!"

ಕಾರ್ಯದರ್ಶಿಯ ಮಾತಿಗೆ ಅಲ್ಲಾಡದವನು ಇದಕ್ಕೆ ಅಲ್ಲಾಡಿದ. ಬೂಟಿನ ಮಣ್ಣು ಕೆರೆದ.

"ಅವ್ರು ನನ್ನ ಬಾಯಲ್ಲಿ ಸುಳ್ಳು ಹೇಳಿಸಿ ಕೊಡೋ ಜಾಗ ನಿಂಗ್ಯಾಕೋ? ಕಿತ್ಕೋ ನನ್ನ ಕೈಯಿಂದ."

"ಡೈಲಾಗು ಸಾಕು. ಆ ಗೋಲು ನಾನಿದ್ದಿದ್ರೆ ಹೋಗ್ತಿರ್ಲಿಲ್ಲ."

"ಹೋಗ್ತಿರ್ಲಿಲ್ಲ" ಎಂದು ಚಿಲಕ ಒಪ್ಪಿಕೊಂಡ. "ಖಂಡಿತ ಹೋಗ್ತಿರ್ಲಿಲ್ಲ. ಅದನ್ನ ಅವ್ರು ಹೇಳ್ಲಿ, ನಾಳೇನೇ ಬಿಡ್ತೀನಿ."

ಎರಡನೇ ಕೀಪರು ಕೈಗವಸು ಎತ್ತಿಕೊಂಡು, ಬಾಯಲ್ಲೇ ಏನೋ ಬೈದುಕೊಂಡು ಹೋದ. ಬೈಗುಳ ನ್ಯಾಯವಾದದ್ದೇ.

ಉಳಿದರ್ಧದಲ್ಲಿ ಚಿಲಕ ಎರಡು ಚೆಂಡು ತಡೆದ. ಒಂದನ್ನು ಎಡಗಂಬದ ಬುಡದಲ್ಲಿ, ಆ ಮಾತು ಬಿಟ್ಟ ಬೆರಳಿನ ತುದಿಯಿಂದ. ಆದರೂ ಪಂದ್ಯ ಹೋಯಿತು, ಒಂದು ಸೊನ್ನೆ. ಹೊರಗೆ ಬಂದಾಗ ಕಾರ್ಯದರ್ಶಿ ಕೆಂಡವಾಗಿದ್ದ.

"ಇನ್ನು ಈ ಜೆರ್ಸಿ ನಿನಗೆ ಸಿಗಲ್ಲ!" 'ನೀವು' ಹೋಗಿ 'ನೀನು' ಬಂದಿತ್ತು.

"ಹಾಗಂತ ಬರೆದು ಕೊಡಿ ಸರ್. ಗೋಲು ಬಿಟ್ಟ ಅಂತ ಬರೀರಿ, ಮಾತು ಕೇಳ್ಲಿಲ್ಲ ಅಂತ ಬರೀರಿ, ಎಲ್ಲಾ ನಿಜ. ನಿವೃತ್ತಿ ಅಂತ ಮಾತ್ರ ಬರೀಬೇಡಿ."

ನಾಲ್ಕು ದಿನಕ್ಕೆ ಕಾಗದ ಬಂತು. ಅಶಿಸ್ತಿಗಾಗಿ ಮೂರು ಪಂದ್ಯಗಳಿಂದ ಹೊರಗೆ. ಆ ಮೂರೂ ಪಂದ್ಯ ಎರಡನೇ ಕೀಪರು ಆಡಿದ, ಚೆನ್ನಾಗಿಯೇ ಆಡಿದ. ಚಿಲಕ ಟಿಕೆಟ್ಟು ಕೊಂಡು ಹೋಗಿ ನೋಡಿದ. ಒಂದು ಚೆಂಡಿಗೆ ಎದ್ದು ನಿಂತು ಚಪ್ಪಾಳೆಯನ್ನೂ ತಟ್ಟಿದ.

ಮುಂದಿನ ತಂಡದ ಆಯ್ಕೆಯ ದಿನ ಎಂಟು ಕೀಪರುಗಳು ಸಾಲಿನಲ್ಲಿದ್ದರು. ಎಂಟನೆಯವನು ಅವನು. ಒಬ್ಬೊಬ್ಬರಿಗೆ ಹತ್ತು ಚೆಂಡು. ತರಬೇತುದಾರನೇ ಒದೆಯುತ್ತಿದ್ದ, ಕರುಣೆ ಇಲ್ಲದೆ. ಅದು ಚಿಲಕನಿಗೆ ಹಿಡಿಸಿತು. ಆರು ಹಿಡಿದ. ಎರಡನೇ ಕೀಪರು ಎಂಟು.

ತರಬೇತುದಾರ ಹತ್ತಿರ ಬಂದ. ಈ ಸಲ ಆಕಾಶ ನೋಡಲಿಲ್ಲ.

"ಸಾಲ್ಲಿಲ್ಲ ಕಣಯ್ಯ. ನಿನ್ನ ತಗೊಳ್ಳಲ್ಲ. ಅವನು ನಿನಗಿಂತ ಚೆನ್ನಾಗಿದಾನೆ."

ಚಿಲಕ ಬೆವರು ಒರೆಸಿಕೊಂಡ. ಎದೆಯ ಮೇಲೆ ಕಲ್ಲು ಬಿದ್ದಂತೆಯೂ ಆಯಿತು, ಇಳಿದಂತೆಯೂ ಆಯಿತು.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದ. ಎರಡನೇ ಕೀಪರಿನ ಬೆನ್ನಿಗೆ ಜೋರಾಗಿಯೇ ಒಂದು ಗುದ್ದು ಕೊಟ್ಟ. ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

"ಅಂದಹಾಗೆ, ಮುಂದಿನ ಆಯ್ಕೆ ಯಾವತ್ತು?"