ಶಾಲೆ ಮುಗಿಯುವ ಮೊದಲೇ ಕಾಲೇಜು

"ಮ್ಯಾಡಮ್, ಮಾರ್ಕ್ಸ್ ಸ್ಟೂಡೆಂಟಿಗೆ ಮಾತ್ರ ಹೇಳ್ತೀವಿ. ಪೇರೆಂಟ್ಸಿಗೆ ಹೇಳೋ ಹಾಗಿಲ್ಲ."

ದುಬೈನ ಕಾಲೇಜೊಂದರ ಕೌಂಟರಿನ ಹುಡುಗಿ ನಗುನಗುತ್ತಲೇ ಇಂಗ್ಲಿಷಿನಲ್ಲಿ ಹೀಗೆಂದಳು. ನನ್ನ ಮಗಳು ಸಹನಾಳಿಗೆ ಹದಿನಾರು ವರ್ಷ. ಅವಳ ವೀಸಾ ನನ್ನ ಗಂಡನ ಹೆಸರಿನ ಮೇಲೆ, ಅವಳ ಎಮಿರೇಟ್ಸ್ ಐಡಿ ನನ್ನ ಪರ್ಸಿನಲ್ಲಿ. ಸೇರಿಸುವಾಗ ನಾಲ್ಕು ಕಡೆ ಸಹಿ ಹಾಕಿದವಳೂ ನಾನೇ. ಅಂಕ ಮಾತ್ರ ನನಗೆ ಹೇಳುವಂತಿಲ್ಲವಂತೆ! ಇನ್ನೊಮ್ಮೆ ಕೇಳಿದ್ದಕ್ಕೆ "ಖಲಾಸ್, ಮ್ಯಾಡಮ್" ಎಂದಳು. ಮಾತು ಮುಗಿಯಿತು ಎನ್ನಲು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಅರಬ್ಬಿ ಪದ ಅದು.

ಗದಗಿನಲ್ಲಿ ನಾನು ಪಿಯುಸಿ ಓದುವಾಗ ಅಂಕಗಳು ನೋಟಿಸ್ ಬೋರ್ಡಿನ ಮೇಲೆ ಊರಿಗೆಲ್ಲ ಕಾಣುತ್ತಿದ್ದವು. ಎರಡು ದಿನ ಕ್ಲಾಸು ತಪ್ಪಿಸಿದರೆ ಲೆಕ್ಚರರು ಅಪ್ಪನನ್ನು ಸಂತೆಯಲ್ಲೇ ನಿಲ್ಲಿಸಿ ಹೇಳಿಬಿಡುತ್ತಿದ್ದರು. ಆಗ ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಈಗ ಅಂಥವರೊಬ್ಬರು ದುಬೈನಲ್ಲಿ ಸಿಕ್ಕರೆ ಕರೆದು ಚಹಾ ಕೊಟ್ಟೇನು.

ಇಲ್ಲಿ ಹನ್ನೆರಡನೇ ಇಯತ್ತೆಯವರೆಗೂ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು ಸ್ಕೂಲ್ ಬಸ್ಸಿಗೆ ಕಾಯುತ್ತಾರೆ. ಅಂಥ ಮಕ್ಕಳನ್ನೇ ಸಂಜೆ ಕಾಲೇಜಿನಲ್ಲಿ ಕೂರಿಸಿ, ಡಿಗ್ರಿಯ ಒಂದೆರಡು ವಿಷಯ ಮೊದಲೇ ಮುಗಿಸುವ ಹುಚ್ಚು ನಾವಿರುವ ಬಡಾವಣೆ ಸಿಲಿಕಾನ್ ಓಯಸಿಸ್‌ನ ನಮ್ಮ ಕಟ್ಟಡಕ್ಕೂ ಬಂತು. ಎದುರು ಫ್ಲ್ಯಾಟಿನ ಹುಡುಗಿ ಸೇರಿದ್ದೇ ತಡ, ನಾನೂ ಸಹನಾಳನ್ನು ಎಕನಾಮಿಕ್ಸಿಗೆ ಸೇರಿಸಿದೆ. "ನಾಟ್ ನೌ, ಅಮ್ಮಾ" ಎಂದಳು. ಕೇಳಲಿಲ್ಲ. ಅಂದೇ ಗದಗಿಗೆ ಫೋನ್ ಮಾಡಿ, "ಅವ್ವಾ, ನಿನ್ನ ಮೊಮ್ಮಗಳು ಈಗಾಗ್ಲೇ ಡಿಗ್ರಿ ಓದಾಕತ್ತಾಳ" ಎಂದು ಕೊಚ್ಚಿಕೊಂಡೆ. ಇಬ್ಬರು ಅತ್ತಿಗೆಯರಿಗೂ ಬೇರೆ ಬೇರೆಯಾಗಿ ಹೇಳಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅಂದರೆ ಇದೇ.

ಕೌಂಟರಿನಿಂದ ಮನೆಗೆ ಬಂದವಳೇ ಸಹನಾಳ ಮುಂದೆ ಕುಳಿತೆ.

"ಖರೆ ಹೇಳು. ಎಷ್ಟು ಬಂದಾವ?"

"ಫೇಲ್ಡ್ ಬೋತ್ ಟೆಸ್ಟ್ಸ್."

ಇಪ್ಪತ್ತು ದಾಟಿದವರ ನಡುವೆ ಕೂತು, ಅರ್ಥವಾಗದ್ದನ್ನು ಕೇಳಲು ನಾಚಿ, ಹೇಗೋ ದಿನ ದೂಡಿದ್ದಳು. ಶಾಲೆಯಲ್ಲಿ ಫೇಲಾದರೆ ಮತ್ತೆ ಬರೆಯಬಹುದು. ಆದರೆ ಈ ಕೋರ್ಸಿನಲ್ಲಿ ಫೇಲಾದರೆ ಅದು ಕಾಲೇಜಿನ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ತೋರಿಸಬೇಕು. ನಾಳೆಯೊಳಗೆ ಕೋರ್ಸ್ ಬಿಟ್ಟರೆ ಮಾತ್ರ ಏನೂ ಉಳಿಯದು.

"ಗೊತ್ತಿದ್ದೂ ಯಾಕ ಬಿಡಲಿಲ್ಲ?" ಸಿಟ್ಟು ನೆತ್ತಿಗೇರಿತ್ತು.

ಸದಾ ಇಂಗ್ಲಿಷಿನಲ್ಲಿ ಉತ್ತರಿಸುವವಳು ಈಗ ಕನ್ನಡದಲ್ಲಿ ಹೇಳಿದಳು: "ನೀ ಊರಾಗ ಎಲ್ಲಾರಿಗೂ ಹೇಳೀಯಲ್ಲ. ಬಿಟ್ರ ಅವ್ರಿಗೆ ಏನ್ ಹೇಳ್ತಿ?"

ಎದುರು ಮನೆಯ ಹುಡುಗಿ ಚೆನ್ನಾಗಿಯೇ ಓದುತ್ತಿದ್ದಾಳೆ, ಆದರೆ ಅವಳು ತಾನಾಗಿ ಕೇಳಿ ಸೇರಿದವಳು. ನನ್ನ ಮಗಳು ನನ್ನ ಜಂಬಕ್ಕಾಗಿ ಎರಡು ತಿಂಗಳು ಬೇಯುತ್ತಿದ್ದಳು. ನಾಚಿಕೆಯಾಯಿತು. ಆಗಲೇ ಲ್ಯಾಪ್‌ಟಾಪ್ ತೆರೆದು ಕೋರ್ಸ್ ಬಿಟ್ಟೆವು.

ಊರಿಗೆ ಹೇಗೆ ಹೇಳುವುದೆಂದು ಮೂರು ದಿನ ಮಾತು ಜೋಡಿಸಿದೆ. ಕೊನೆಗೆ ಧೈರ್ಯ ಮಾಡಿ ಫೋನ್ ಹಚ್ಚಿದೆ. "ಅವ್ವಾ, ಸಹನಾ ಆ ಕಾಲೇಜು ಬಿಟ್ಳು."

"ಯಾವ ಕಾಲೇಜು?" ಎಂದಳು ಅವ್ವ. "ಅಕಿ ಇನ್ನೂ ಸಾಲೀಗೆ ಹೋಗ್ತಾಳಲ್ಲ?"

ಹದಿನಾಲ್ಕು ವರ್ಷ ದುಬೈನಲ್ಲಿದ್ದೂ ಊರವರ ಕಣ್ಣಿಗಾಗಿಯೇ ಬದುಕಿದ್ದೇನೆ. ಅಲ್ಲಿ ಯಾರೂ ನೋಡುತ್ತಲೇ ಇರಲಿಲ್ಲ.