ಫೌಜದಾರರು ಬರುವ ಹೊತ್ತಿಗೆ

ನಾರಾಯಣ, ಶಾರದೆ, ಪುಟ್ಟ ಮಂಜು, ಎಲ್ಲರೂ ಆರಾಮವೇ? ಶಾರದೆಯ ಕೆಮ್ಮು ಇಳಿಯಿತೇ? ಇಲ್ಲಿ ಇಂದು ಕೆಟ್ಟ ದಿನ.

ಪಕ್ಕದ ಮನೆಯ ಸೊಸೆ ಭಾಗೀರಥಿ ಬೆಳಿಗ್ಗೆ ಅಡುಗೆಮನೆಯಲ್ಲಿ ತಲೆ ಒಡೆದು ಸತ್ತುಬಿದ್ದಿದ್ದಳು. ಗಂಡ ಗಣಪತಿ, ಜಾರಿ ಬಿದ್ದಳು ಎಂದ. ವಾನಳ್ಳಿಯಿಂದ ಓಡಿಬಂದ ಅವಳ ತಾಯಿ ಗೌರಕ್ಕ, "ಇಂವನೇಯ ಕೊಂದಿದ್ದು!" ಎಂದು ಎದೆ ಬಡಿದುಕೊಂಡಳು.

ಮಧ್ಯಾಹ್ನ ಶಿರಸಿಯಿಂದ ಹೊಸ ಪೊಲೀಸ್ ಫೌಜದಾರರು ಬಂದರು. ಕೊಲೆ ನಡೆದ ಜಾಗವನ್ನು ಪರೀಕ್ಷಿಸುವ ತರಬೇತಿ ಈಗಷ್ಟೇ ಮುಗಿಸಿದವರು. ಭೂತಗನ್ನಡಿ, ಅಳತೆ ಪಟ್ಟಿ, ಹೆಜ್ಜೆಯ ಅಚ್ಚು ತೆಗೆಯುವ ಬಿಳಿ ಪುಡಿ, ಎಲ್ಲ ತಂದಿದ್ದರು. ಆದರೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ನೆಲಕ್ಕೆ ಬಳಿದ ಸಗಣಿ ಇನ್ನೂ ಹಸಿಯಾಗಿತ್ತು.

"ಯಾರ್ರೀ ಇದನ್ನ ಸಾರಿಸಿದ್ದು? ಹೆಜ್ಜಿ ಗುರ್ತು, ರಕ್ತ, ಎಲ್ಲಾ ಹೋತಲ್ರೀ!"

"ಆನೇಯ ಸಾರ್ಸಿದ್ದು," ಎಂದಳು ಗೌರಕ್ಕ. "ಮಗಳ ನೆತ್ತರನ್ನ ಊರವೆಲ್ಲ ತುಳೀಲಿ ಹೇಳಿ ಬಿಡ್ಲಾ?"

ಫೌಜದಾರರು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಅವರ ಚೀಲವನ್ನೇ ನೋಡುತ್ತಿದ್ದ ಗಣಪತಿ, ಆಗ ನೀರು ಕೇಳಿ ಕುಡಿದ.

ಅಷ್ಟೆಲ್ಲ ಕಲಿಸಿದವರು, ಹೆತ್ತವಳಿಗಿಂತ ಮೊದಲು ತಲುಪುವುದನ್ನು ಮಾತ್ರ ಅವರಿಗೆ ಕಲಿಸಲಿಲ್ಲ ನೋಡಿ.

ಮನಸ್ಸು ಸರಿಯಿಲ್ಲ. ಬೇಗ ನಾಲ್ಕು ಸಾಲು ಬರೆಯಿರಿ.